ತೆಂಗಿನ ನಾರಿನಲ್ಲಿ ಮೊಳೆತ ಜೋಳ

ಗುಬ್ಬವ್ವಾ, ಸಣ್ಣಪ್ಪಾ,

ಮಣ್ಣೆತ್ತಿನ ಅಮಾವಾಸ್ಯೆಯ ಮರುದಿನ ಸಂಜೆ ನೀವಿಬ್ಬರೂ ದೇವರ ಜಗಲಿಯ ಮುಂದೆ ನಿಂತು, "ಆಯಿ, ನಮ್ಮ ಎತ್ತ ಎಲ್ಲಿ ಹೋದ್ವು?" ಎಂದು ಕೇಳಿದಿರಿ. ನಾನು ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದೆ. ತಲೆ ಎತ್ತದೆಯೇ, "ಹೊಲಕ್ಕ ಹೋಗ್ಯಾವ" ಎಂದೆ. ನೀವು ನಂಬಿ ಆಡಲು ಓಡಿದಿರಿ.

ಆ ಮಾತು ಸುಳ್ಳು. ಎತ್ತುಗಳು ಹೊಲಕ್ಕೆ ಹೋಗಿರಲಿಲ್ಲ. ಅವು ಎಲ್ಲಿಗೆ ಹೋದವು, ಅದರಿಂದ ಏನಾಯಿತು ಎಂಬುದನ್ನು ಬಾಯಿಂದ ಹೇಳಲು ಇಂದಿಗೂ ನನಗೆ ಆಗುವುದಿಲ್ಲ. ಅದಕ್ಕೇ ನಿಮ್ಮ ಹೋದ ವರ್ಷದ ನೋಟುಬುಕ್ಕಿನಲ್ಲಿ ಉಳಿದ ಹಾಳೆಗಳ ಮೇಲೆ ಬರೆಯುತ್ತಿದ್ದೇನೆ. ಕಟಕೋಳದ ಸಾಲೆಯಲ್ಲಿ ಏಳನೆಯ ಇಯತ್ತೆಯ ತನಕ ಕಲಿತ ಅಕ್ಷರ ನನ್ನದು. ತಪ್ಪಿದ್ದಲ್ಲಿ ತಿದ್ದಿಕೊಂಡು ಓದಿ.

ನಾನು ಕೆಲಸಕ್ಕೆ ಹೋಗುವ ಜಾಗವನ್ನು ನೀವು ಬಸ್ಸಿನ ಕಿಟಕಿಯಿಂದಷ್ಟೇ ನೋಡಿದ್ದೀರಿ. ಬೈಲಹೊಂಗಲ ದಾಟಿ ಸವದತ್ತಿ ಕಡೆ ಹೋಗುವಾಗ ಕಬ್ಬಿನ ಹೊಲಗಳ ನಡುವೆ ಬಿಳಿ ಪ್ಲಾಸ್ಟಿಕ್ ಹೊದಿಸಿದ ಉದ್ದನೆಯ ಮನೆಗಳು ಕಾಣುತ್ತವಲ್ಲ, ಅದೇ. ಊರವರು ಹೂವಿನ ಫ್ಯಾಕ್ಟರಿ ಎನ್ನುತ್ತಾರೆ. ಎಲ್ಲೋ ದೂರದ ಲ್ಯಾಬಿನಲ್ಲಿ ಬಾಟಲಿಯೊಳಗೆ ಬೆಳೆಸಿದ ಅಲಂಕಾರದ ಗಿಡಗಳ ಮರಿಗಳು ಅಲ್ಲಿಗೆ ವ್ಯಾನಿನಲ್ಲಿ ಬರುತ್ತವೆ. ಮಳೆಕಾಡಿನ ಜಾತಿಯವಂತೆ. ಅವನ್ನು ಬಾಟಲಿಯಿಂದ ತೆಗೆದು, ನಮ್ಮ ಗಾಳಿ ಬಿಸಿಲಿಗೆ ಸ್ವಲ್ಪ ಸ್ವಲ್ಪವಾಗಿ ಒಗ್ಗಿಸಿ, ಕುಂಡದಲ್ಲಿ ಬದುಕುವಷ್ಟು ಗಟ್ಟಿ ಮಾಡಿ ಕಳಿಸುವುದು ನಮ್ಮ ಕೆಲಸ.

ನಿಮ್ಮ ಮುತ್ಯಾ, ನಮ್ಮ ಯಜಮಾನರು, ತೀರಿಕೊಂಡ ಮೇಲೆ ಒಂದು ವರ್ಷ ನಾನು ಹೊಸ್ತಿಲು ದಾಟಿರಲಿಲ್ಲ. ಹಿಟ್ಟಿನ ಗಿರಣಿಗೆ ಮಾತ್ರ ಹೋಗುತ್ತಿದ್ದೆ. ಅಲ್ಲಿ ಪಾಳಿ ಹಚ್ಚಿ ನಿಂತಾಗ ಪರಿಚಯವಾದವಳು ಆಪಾ. ನನಗಿಂತ ಹತ್ತು ವರ್ಷ ಚಿಕ್ಕವಳು. ಆದರೂ ಇಡೀ ಓಣಿಯೇ ಅವಳನ್ನು ಆಪಾ, ಅಂದರೆ ಅಕ್ಕ, ಎನ್ನುವುದರಿಂದ ನಾನೂ ಹಾಗೇ ಕರೆದೆ. ಅವಳ ಗಂಡ ಟೆಂಪೋ ಓಡಿಸುತ್ತಿದ್ದ. ಸೊಂಟದ ಎಲುಬು ಸರಿದು ಮನೆ ಹಿಡಿದಿದ್ದ. ಅವರ ಮನೆ ನಿಂತಿದ್ದೇ ಆಪಾಳ ದುಡಿಮೆಯ ಮೇಲೆ. ಒಂದು ದಿನ ಹಿಟ್ಟಿನ ಚೀಲ ಹೊತ್ತುಕೊಂಡು, "ಯಕ್ಕಾ, ಮಾತಾಡಾಕ ಬರಂಗಿಲ್ಲ ನಿನಗ, ಖರೆ. ಗಿಡದ ಜೋಡಿ ಮಾತಾಡೋದೇನ ಬ್ಯಾಡ, ನಾಳೆ ನನ್ನ ಜೋಡಿ ಬಾ" ಎಂದು ಕರೆದಳು. ಹೋದೆ.

ಮೊದಲ ದಿನ ಬಾಗಿಲಲ್ಲೇ ನಿಂತುಬಿಟ್ಟೆ. ಮೇಜಿನ ಮೇಲೆ ಸಾಲು ಸಾಲು ಗಾಜಿನ ಬಾಟಲಿ. ಒಂದೊಂದರೊಳಗೂ ಹತ್ತು ಹದಿನೈದು ಎಳೆ ಹಸಿರು ಗಿಡ. ಬೇರು ಬೆಳ್ಳಗೆ ದಾರದ ಹಾಗೆ ಕಾಣುತ್ತಿದೆ, ಆದರೆ ಬೇರಿನ ಕೆಳಗೆ ಮಣ್ಣಿಲ್ಲ. ಆರಿದ ಸಾಬುದಾಣಿ ಗಂಜಿಯಂಥ ಲೋಳೆಯ ಮೇಲೆ ನಿಂತಿವೆ. ಕೂಸನ್ನು ಹುಟ್ಟಿದ ದಿನವೇ ಗಾಜಿನ ಪೆಟ್ಟಿಗೆಯಲ್ಲಿಟ್ಟದ್ದನ್ನು ಒಮ್ಮೆ ಆಸ್ಪತ್ರೆಯಲ್ಲಿ ನೋಡಿದ್ದೆ. ಅದನ್ನು ನೋಡಿದಾಗ ಆದ ಹಾಗೆಯೇ ಆಯಿತು.

"ಇವುಗಳ ತಾಯಿ ಗಿಡ ಎಲ್ಲಿ ಐತಿ?" ಎಂದೆ ಆಪಾಳ ಕಿವಿಯಲ್ಲಿ.

"ತಾಯಿನೂ ಇಲ್ಲ, ತಂದಿನೂ ಇಲ್ಲ. ಒಂದ್ ಚೂರು ಎಲಿ ಕೊಯ್ದು ಸಾವಿರ ಮಾಡ್ತಾರಂತ."

"ಬೀಜಾ?"

"ಬೀಜಾನೂ ಇಲ್ಲ."

"ಮಣ್ಣರ ಯಾವಾಗ ಹಾಕ್ತಾರ?"

ಆಪಾ ನನ್ನ ಬಾಯಿಯ ಮೇಲೆ ಕೈಯಿಟ್ಟಳು. "ಅದರ ಹೆಸರು ಎತ್ತಬ್ಯಾಡ ಮಾರಾಯ್ತಿ. ಬಾಯಾರು ಕೇಳಿದ್ರ ನನ್ನನ್ನೂ ಕೂಡಿ ಹೊರಗ ಹಾಕ್ತಾರ."

ಬಾಯಾರು ಎಂದರೆ ಆ ಜಾಗವನ್ನು ನಡೆಸುವ ಹುಡುಗಿ. ಕೃಷಿ ಕಾಲೇಜು ಓದಿದವರು. ನನ್ನ ಮಗಳಿಗಿಂತ ಚಿಕ್ಕವರು, ಆದರೆ ಎದುರು ಬಂದರೆ ನಾನು ಗೋಡೆಗೆ ಸರಿಯುತ್ತಿದ್ದೆ. ಎರಡು ವರ್ಷದಲ್ಲಿ ನಾನು ಅವರಿಗೆ ಆಡಿದ್ದು "ಹೂಂನ್ರಿ" ಮತ್ತು "ಇಲ್ರಿ", ಇವೆರಡೇ ಮಾತು. ಅವರು ಬಾಗಿಲಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಸಿದ್ದರು: ಹೊರಗಿನ ಮಣ್ಣು ಒಳಗೆ ತರಬಾರದು. ಚಪ್ಪಲಿ ಹೊರಗೆ ಬಿಡಬೇಕು. ನೇರಳೆ ಬಣ್ಣದ ಔಷಧಿ ನೀರಲ್ಲಿ ಕಾಲು ಅದ್ದಬೇಕು. ಉಗುರಿನ ಸಂದಿಯನ್ನೂ ಸಾಬೂನು ಹಚ್ಚಿ ತಿಕ್ಕಬೇಕು. ಹೊಲದಲ್ಲಿ ಬದುಕಿದ ನನಗೆ ಇದು ದೇವರ ಗುಡಿಗಿಂತ ಹೆಚ್ಚಿನ ಮಡಿಯೆನಿಸುತ್ತಿತ್ತು.

ಹಾಗಾದರೆ ಆ ಸಸಿಗಳನ್ನು ನೆಡುವುದು ಯಾವುದರಲ್ಲಿ? ತೆಂಗಿನ ನಾರಿನ ಪುಡಿಯಲ್ಲಿ. ಕೋಕೋಪೀಟ್ ಎನ್ನುತ್ತಾರೆ. ಒತ್ತಿ ಮಾಡಿದ ಇಟ್ಟಿಗೆಯ ಹಾಗೆ ಬರುತ್ತದೆ. ತೊಟ್ಟಿಯ ನೀರಲ್ಲಿ ಹಾಕಿದರೆ ಒಂದು ಇಟ್ಟಿಗೆ ಉಬ್ಬಿ ದೊಡ್ಡ ರಾಶಿಯಾಗುತ್ತದೆ. ಅದರಲ್ಲಿ ಉಪ್ಪು ಇರುತ್ತದೆ, ಉಪ್ಪು ಹೋಗುವ ತನಕ ಮತ್ತೆ ಮತ್ತೆ ತೊಳೆದು ಸೋಸಬೇಕು. ಆಮೇಲೆ ಚುರಮರಿಯಷ್ಟು ಹಗುರವಾದ ಬಿಳಿ ಕಲ್ಲುಪುಡಿ ಬೆರೆಸಬೇಕು. ಹಾಗೆ ಮಾಡಿದರೆ ನೀರು ನಿಲ್ಲುವುದಿಲ್ಲ, ಬೇರಿಗೆ ಗಾಳಿ ಸಿಗುತ್ತದೆ.

ಈ ಮಿಶ್ರಣದ ಕೆಲಸ ಆಪಾಳದು. ಬಾಯಾರು ಮೀಟರ್ ಅದ್ದಿ ನೋಡುವುದಕ್ಕೆ ಮೊದಲೇ ಅವಳು ತೊಳೆದ ನೀರನ್ನು ಬೆರಳಿಂದ ನಾಲಿಗೆಗೆ ಮುಟ್ಟಿಸಿ, "ಇನ್ನೂ ಉಪ್ಪೈತಿ, ಇನ್ನೊಂದು ನೀರು" ಎನ್ನುತ್ತಿದ್ದಳು. ಮೀಟರೂ ಅದನ್ನೇ ಹೇಳುತ್ತಿತ್ತು. ಕೊನೆಗೆ ಒಂದು ಮುಷ್ಟಿ ಮಿಶ್ರಣ ಹಿಡಿದು ಹಿಂಡುವಳು. ಬೆರಳ ಸಂದಿಯಿಂದ ಒಂದೆರಡು ಹನಿ ಮಾತ್ರ ಬರಬೇಕು, ಕೈ ಬಿಟ್ಟರೆ ಉಂಡೆ ತಾನಾಗಿ ಒಡೆಯಬೇಕು. ಸೋರಿದರೆ ನೀರು ಹೆಚ್ಚು, ಉದುರಿದರೆ ಕಡಿಮೆ. ರೊಟ್ಟಿಯ ಹಿಟ್ಟು ನಾದಿದ ಕೈಗೆ ಇದು ಬೇಗ ತಿಳಿಯುತ್ತದೆ. ನನಗೂ ಕಲಿಸಿದಳು. ಮಿಶ್ರಣದ ಕೋಣೆಯ ಕೀಲಿಯನ್ನು ಅವಳು ಸೊಂಟಕ್ಕೆ ಸಿಕ್ಕಿಸಿಕೊಂಡು ತಿರುಗುತ್ತಿದ್ದಳು. "ಈ ಕೀಲಿ ಇರೂ ತನಾ ನಾನೂ ಒಬ್ಬ ಆಫೀಸರ" ಎಂದು ನಗುತ್ತಿದ್ದಳು.

ನೆಟ್ಟ ಟ್ರೇಗಳ ಮೇಲೆ ಪ್ಲಾಸ್ಟಿಕ್ ಗುಡಾರ ಹಾಕುತ್ತೇವೆ. ಬಾಟಲಿಯ ಸಸಿಯ ಎಲೆಗೆ ತನ್ನ ನೀರನ್ನು ತಾನೇ ಹಿಡಿದಿಟ್ಟುಕೊಳ್ಳಲು ಬರುವುದಿಲ್ಲ. ಬಿಟ್ಟರೆ ಅರ್ಧ ತಾಸಿನಲ್ಲಿ ಬಾಡುತ್ತದೆ. ಗುಡಾರದೊಳಗೆ ಉಸಿರು ಕಟ್ಟುವಂಥ ತೇವ. ದಿನಕ್ಕಿಷ್ಟು ಎಂದು ಅಂಚು ಎತ್ತಿ ಗಾಳಿ ಆಡಿಸುತ್ತ ಹೋಗಬೇಕು.

ಎಲ್ಲ ಕಲಿತೆ. ಆದರೆ ಒಂದು ಮಾತ್ರ ಮನಸ್ಸಿಗೆ ಇಳಿಯಲಿಲ್ಲ. ಗಿಡವಾಗಿ ಹುಟ್ಟಿ ಇವು ಒಮ್ಮೆಯೂ ಮಣ್ಣು ಮುಟ್ಟುವುದಿಲ್ಲವಲ್ಲ ಎಂಬ ಮರುಕ ನನ್ನಲ್ಲಿ ಉಳಿದೇಬಿಟ್ಟಿತು. ಬಾಟಲಿಯಿಂದ ನಾರಿಗೆ, ನಾರಿನಿಂದ ಕುಂಡದ ನಾರಿಗೆ, ಅಲ್ಲಿಂದ ಯಾವುದೋ ಹೋಟೆಲಿನ ಮೂಲೆಗೆ. ಚಿಮುಟದಿಂದ ಒಂದೊಂದನ್ನೇ ಎತ್ತಿ ನೆಡುವಾಗ ಮನಸ್ಸಿನಲ್ಲೇ, ನಿನಗೆ ನೆಲ ತೋರಿಸುವವರು ಯಾರೂ ಇಲ್ಲವಲ್ಲೇ ಎಂದುಕೊಳ್ಳುತ್ತಿದ್ದೆ. ಆಪಾಳಿಗೂ ಹೇಳಿರಲಿಲ್ಲ, ನಕ್ಕಾಳು ಎಂದು.

ಈಗ ಎತ್ತಿನ ಮಾತಿಗೆ ಬರುತ್ತೇನೆ.

ನಿಮ್ಮ ಮುತ್ಯಾ ಇದ್ದಾಗ ಅಮಾವಾಸ್ಯೆಯ ಮುಂಜಾನೆ ಹೊಲದ ಬದುವಿನಿಂದ ಎರೆಮಣ್ಣು ತಂದು ತಾವೇ ಎತ್ತು ಮಾಡುತ್ತಿದ್ದರು. ಪೂಜೆ ಮುಗಿದ ಮರುದಿನ ಅವನ್ನು ಅದೇ ಹೊಲದಲ್ಲಿಟ್ಟು ಬರುವುದು ನಮ್ಮ ಮನೆಯ ಪದ್ಧತಿ. ಅವರು ಹೋದ ಮೇಲೆ ಎತ್ತು ಮಾಡುವುದು ನನ್ನ ಪಾಲಿಗೆ ಬಂತು. ಈ ಸಲ ಎರಡು ಎತ್ತು ಮಾಡಿದೆ. ಕೋಡು ತಿದ್ದಿದ್ದು ನಾನು. ಕಣ್ಣಿಗೆ ಬಿಳಿಜೋಳದ ಕಾಳು ಒತ್ತಿದವರು ನೀವು, ನೆನಪಿದೆಯೇ? ಗುಬ್ಬವ್ವ ಒಂದು ಎತ್ತಿಗೆ, ಸಣ್ಣಪ್ಪ ಇನ್ನೊಂದಕ್ಕೆ. ಸಣ್ಣಪ್ಪನ ಎತ್ತಿಗೆ ಒಂದು ಕಣ್ಣು ಮೇಲೆ, ಒಂದು ಕೆಳಗೆ. "ಇದು ಮಳಿ ನೋಡಾಕತ್ತೈತಿ" ಎಂದು ಸಣ್ಣಪ್ಪನೇ ಸಮಾಧಾನ ಹೇಳಿದ.

ಮರುದಿನ ಕೆಲಸಕ್ಕೆ ಹೊರಟಾಗ ಜಗಲಿಯ ಮೇಲೆ ಎತ್ತುಗಳು ಕಂಡವು. ಹೊಲವನ್ನು ಪಾಲಿಗೆ ಕೊಟ್ಟಿದ್ದೇವೆ, ಅಲ್ಲಿ ಆಗಲೇ ಬಿತ್ತನೆ ಆಗಿತ್ತು. ಕಾಲಿಟ್ಟು ತುಳಿಯುವುದು ಬೇಡ ಎನ್ನಿಸಿತು. ಆಗ ಆ ಇನ್ನೊಂದು ಯೋಚನೆ ಬಂತು. ಪೂಜೆ ಮಾಡಿದ ಮಣ್ಣು. ಅರಿಸಿನ ಕುಂಕುಮ ಏರಿದ ಮಣ್ಣು. ಅದು ಹೊಲಸು ಹೇಗಾದೀತು? ಬಾಗಿಲಿನ ಮೇಲೆ ಬರೆದದ್ದು ಕಾಲಿಗೆ ಮೆತ್ತಿದ ಮಣ್ಣಿನ ಮಾತು, ಎತ್ತಿನ ಮಾತಲ್ಲ ಎಂದುಕೊಂಡೆ. ನೆಲ ಕಾಣದ ಸಸಿಗಳಿಗೆ ನಿಮ್ಮ ಮುತ್ಯಾನ ಹೊಲದ ಮಣ್ಣು ಒಂದು ಚಿಟಿಕೆ ತಗಲಿದರೆ ಅವೂ ನಮ್ಮವಾಗುತ್ತವೆ ಎಂದು ಹಿಗ್ಗಿದೆ. ಎತ್ತುಗಳನ್ನು ಅರಿವೆಯಲ್ಲಿ ಸುತ್ತಿ ರೊಟ್ಟಿಯ ಗಂಟಿನ ಕೆಳಗಿಟ್ಟುಕೊಂಡೆ.

ಅಂದು ಆಂಥೂರಿಯಂ ಸಸಿಗಳು ಬಂದಿದ್ದವು. ಕಿತ್ತೂರಿನ ಬಳಿ ಹೆದ್ದಾರಿಗೆ ಹೊಸದಾಗಿ ಆಗುತ್ತಿದ್ದ ಹೋಟೆಲಿಗೆ ಬೇಕಾದವು ಅವೇ. ವ್ಯಾನು ಬಂದಾಗ ಬಾಟಲಿ ಇಳಿಸಲು ಆಪಾ ಹೊರಗೆ ಹೋದಳು. ಹೋಗುವಾಗ, "ಯಕ್ಕಾ, ರಾಶಿಗೆ ಒಂದು ಬಕೀಟ ನೀರು ಚಿಮುಕಿಸಿ ತಿರುವಿಡು" ಎಂದು ಹೇಳಿದಳು. ನಾನು ಬಕೀಟಿಗೆ ನೀರು ಹಿಡಿದು ಎತ್ತುಗಳನ್ನು ಅದರೊಳಗಿಟ್ಟೆ. ನೋಡನೋಡುತ್ತ ಕೋಡು ಕರಗಿದವು, ಬೆನ್ನು ಕರಗಿತು. ಕೈಯಾಡಿಸಿ, ಆ ಕಪ್ಪು ನೀರನ್ನು ರಾಶಿಯ ತುಂಬ ಚಿಮುಕಿಸಿ, ಸಲಿಕೆಯಿಂದ ತಿರುವಿ ಹಾಕಿದೆ. ಕಾಳಿನ ನೆನಪು ನನಗೆ ಬರಲೇ ಇಲ್ಲ.

ಆಪಾ ಬಂದು ಮುಷ್ಟಿ ಹಿಡಿದಳು. ಹನಿ ಸರಿಯಾಗಿಯೇ ಬಂತು. ಆದರೆ ಕೈ ಬಿಟ್ಟಾಗ ಉಂಡೆ ಒಡೆಯಲು ಒಂದು ಗಳಿಗೆ ತಡಮಾಡಿತು.

"ಯಾಕೋ ಜಿಗಿ ಆಗೇತಲ್ಲ?" ಎಂದು ನನ್ನ ಮುಖ ನೋಡಿದಳು.

ನಾನು ಬಾಟಲಿ ತೊಳೆಯಲು ತಿರುಗಿದೆ. ಹೊರಗಿನಿಂದ ಬಾಯಾರು "ಲಗೂನ ಆಗ್ಲಿ" ಎಂದು ಕೂಗಿದರು. ಆಪಾ ಇನ್ನೊಂದು ಮುಷ್ಟಿ ಹಿಂಡಿ ನೋಡಿದಳು, ಭುಜ ಹಾರಿಸಿದಳು, ಟ್ರೇ ತುಂಬಲು ಕೂತಳು. ಸಂಜೆಯ ಹೊತ್ತಿಗೆ ಆ ರಾಶಿಯೆಲ್ಲ ಟ್ರೇಗಳಿಗೆ ಹೋಯಿತು. ಎಲ್ಲದರಲ್ಲೂ ಸಸಿ ನೆಟ್ಟು ಗುಡಾರ ಮುಚ್ಚಿದೆವು. ಬಸ್ಸಿನಲ್ಲಿ ನಾನು ಒಬ್ಬಳೇ ನಗುತ್ತ ಬಂದೆ. ಮನೆಗೆ ಬಂದು ನಿಮಗೆ ಆ ಸುಳ್ಳು ಹೇಳಿದೆ.

ಐದನೆಯ ದಿನ ಮುಂಜಾನೆ ಗುಡಾರದ ಅಂಚು ಎತ್ತಿದವಳು ನಾನೇ.

ಮೊದಲು ನನಗೆ ತಿಳಿಯಲಿಲ್ಲ. ಯಾರೋ ಸಸಿಗಳ ಮೇಲೆ ಕೈಯೊರಗಿಸಿದ್ದಾರೆ ಎನ್ನಿಸಿತು. ಎಲ್ಲ ಸಸಿಗಳೂ ಒಂದೇ ಕಡೆ ಮಲಗಿದ್ದವು. ಎಲೆ ಇನ್ನೂ ಹಸಿರಾಗಿಯೇ ಇತ್ತು. ಒಂದನ್ನು ನೆಟ್ಟಗೆ ನಿಲ್ಲಿಸಲು ಹೋದರೆ ಕೈಯಲ್ಲೇ ಬಂತು. ಬುಡ ಕಂದಿ, ಕುದಿಸಿದ ಸೊಪ್ಪಿನ ದಂಟಿನ ಹಾಗೆ ಮೆತ್ತಗಾಗಿ, ಬೇರಿಂದ ಬೇರೆಯಾಗಿತ್ತು. ಎರಡನೆಯದೂ ಹಾಗೆಯೇ. ಮೂರನೆಯದೂ. ಮೂಗಿಗೆ ಕೊಳೆತ ವಾಸನೆ ಬಡಿಯಿತು.   ಪ್ಲಾಸ್ಟಿಕ್ಕಿನ ಅಂಚನ್ನು ಹಿಡಿದುಕೊಂಡೇ ನಿಂತಿದ್ದೆ. ಆಪಾ ಬಂದು ನೋಡಿ "ಯಾ ಅಲ್ಲಾ" ಎಂದು ನೆಲದ ಮೇಲೆ ಕೂತುಬಿಟ್ಟಳು. ಪಕ್ಕದ ಗುಡಾರದ ಹಳೆಯ ಸಸಿಗಳು ಏನೂ ಆಗಿಲ್ಲವೆಂಬಂತೆ ನೆಟ್ಟಗೆ ನಿಂತಿದ್ದವು.

ಬಾಯಾರು ಓಡಿ ಬಂದರು. ಬಯ್ಯಲಿಲ್ಲ. ಒಂದು ಸಸಿಯನ್ನು ಬೆರಳ ಮೇಲಿಟ್ಟುಕೊಂಡು ಬಹಳ ಹೊತ್ತು ನೋಡಿದರು.  

"ಆಪಾ, ಈ ರಾಶಿ ಎಷ್ಟು ಸಲ ತೊಳದ್ರಿ?"

"ಯಾವಾಗಿನಂಗ ರೀ. ಮೀಟರ್ ನೀವ ನೋಡೀರಿ."

"ಕೈ ಯಾರ್ದು ಹತ್ತಿತ್ತು ಇದಕ್ಕ?"

"ನನ್ನದ ರೀ. ಕೀಲಿ ನನ್ನ ಹತ್ರ ಐತಲ್ಲ."

ನಾನು ಪಕ್ಕದಲ್ಲೇ ಇದ್ದೆ. ಆಪಾ ನನ್ನ ಕಡೆ ತಿರುಗಲೂ ಇಲ್ಲ.

"ಇದು ಉಪ್ಪಿನ ಕೆಲಸ ಅಲ್ಲ, ಬೂಷ್ಟು ಹತ್ತಿದ್ದು" ಎಂದರು ಬಾಯಾರು. "ಹೊರಗಿಂದ ಏನೋ ಬಂದೈತಿ. ನೀರಿನ್ಯಾಗೋ, ಸಲಿಕಿ ಒಳಗೋ. ಶನಿವಾರ ಲ್ಯಾಬಿನವರು ಬರ್ತಾರ. ನಿಮ್ಮ ಕೈ ತಪ್ಪು ಅಂತ ಆದ್ರ ಸೋಮವಾರದಿಂದ ನಾ ನಿಮ್ಮನ್ನ ಇಟ್ಕೊಳ್ಳಾಕ ಆಗಂಗಿಲ್ರಿ ಆಪಾ." ಕೈ ಚಾಚಿದರು. ಆಪಾ ಸೊಂಟದಿಂದ ಕೀಲಿ ಬಿಚ್ಚಿ ಕೊಟ್ಟಳು. ಕೊಟ್ಟ ಮೇಲೂ ಅವಳ ಕೈ ಸೊಂಟದ ಮೇಲೆಯೇ ಉಳಿಯಿತು.

ಅಂದು ಗುರುವಾರ.

ಆಗಲೂ ನನಗೆ ಪೂರ್ತಿ ನಂಬಿಕೆ ಬಂದಿರಲಿಲ್ಲ. ಪೂಜೆಯ ಮಣ್ಣಿನಿಂದ ಹೀಗಾಗಲಾರದು, ಲ್ಯಾಬಿನಲ್ಲೇ ಏನೋ ಆಗಿರಬೇಕು, ಶನಿವಾರ ಬಂದವರೇ ಹೇಳುತ್ತಾರೆ, ಆಪಾ ಬಚಾವಾಗುತ್ತಾಳೆ ಎಂದು ನನಗೆ ನಾನೇ ಹೇಳಿಕೊಂಡೆ. ನಿಜ ಬರೆಯಬೇಕೆಂದರೆ, ಬಾಯಾರ ಮುಂದೆ ಬಾಯಿ ಬಿಡುವ ಹೆದರಿಕೆಯೇ ಈ ನಂಬಿಕೆಯನ್ನು ಸಾಕುತ್ತಿತ್ತು.

ಶುಕ್ರವಾರ ಸತ್ತ ಸಸಿಗಳನ್ನು ಎಣಿಸಿ ತೆಗೆಯುವ ಕೆಲಸ ನನಗೆ ಬಂತು. ಆಪಾಳನ್ನು ಹೊರಗೆ ಕುಂಡ ತೊಳೆಯಲು ಹಚ್ಚಿದ್ದರು. ಮೂಲೆಯ ಒಂದು ಟ್ರೇಯಲ್ಲಿ, ಮಲಗಿದ ಸಸಿಗಳ ನಡುವೆ, ಒಂದು ಹಸಿರು ಸುರುಳಿ ಸೂಜಿಯ ಹಾಗೆ ನೆಟ್ಟಗೆ ನಿಂತಿತ್ತು. ಮೊದಲು ಸಂತೋಷವಾಯಿತು, ಒಂದಾದರೂ ಬದುಕಿತಲ್ಲ ಎಂದು. ಬಗ್ಗಿ ನೋಡಿದೆ.

ಆಂಥೂರಿಯಮ್ಮಿನ ಎಲೆ ಹೀಗಿರುವುದಿಲ್ಲ. ಇದು ನಾನು ಹುಟ್ಟಿದಂದಿನಿಂದ ನೋಡಿದ ಎಲೆ. ಮೆಲ್ಲಗೆ ಕಿತ್ತರೆ ಬೇರಿನ ಜೊತೆ ಕಾಳಿನ ಸಿಪ್ಪೆ ಬಂತು. ಬಿಳಿಜೋಳ. ಸಿಪ್ಪೆಗೆ ಇನ್ನೂ ಕಪ್ಪು ಮಣ್ಣು ಮೆತ್ತಿಕೊಂಡಿತ್ತು.

ನಿಮ್ಮ ಎತ್ತಿನ ಕಣ್ಣು.

ಮಕ್ಕಳೇ, ನಿಮ್ಮ ಮುತ್ಯಾ ಹೊಲದಲ್ಲಿ ಬಿದ್ದರು ಎಂದು ಸುದ್ದಿ ಬಂದ ದಿನ ನನ್ನ ಮೈ ಹೇಗೆ ತಣ್ಣಗಾಗಿತ್ತೋ ಅಂದೂ ಹಾಗೆಯೇ ಆಯಿತು. ಕೈಯಲ್ಲಿದ್ದ ಎಳೆ ಮೊಳಕೆ ನೋಡುತ್ತ ನಿಂತೆ. ಯಾರೂ ಬಿತ್ತಿ ಕರೆದಿರಲಿಲ್ಲ, ಆದರೂ ಹುಟ್ಟಿ ನನ್ನ ಹೆಸರು ಹೇಳುತ್ತಿತ್ತು. ಉಳಿದ ಟ್ರೇಗಳನ್ನು ಹುಚ್ಚಿಯ ಹಾಗೆ ಹುಡುಕಿದೆ. ನಡುವಿನ ಸಾಲಿನಲ್ಲಿ ಇನ್ನೊಂದು ಸಿಕ್ಕಿತು. ಎರಡನ್ನೂ ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ಅಡಗಿಸಲೆಂದೇ ಗಂಟು ಹಾಕಿದೆ, ಇದನ್ನೂ ಬರೆಯುತ್ತೇನೆ. ಕಣ್ಣು ನಾಲ್ಕು. ಇನ್ನೆರಡು ಎಲ್ಲಿ? ಶನಿವಾರ ಬಂದವರ ಕಣ್ಣಿಗೆ ಬಿದ್ದರೆ?

ಮಧ್ಯಾಹ್ನ ಊಟಕ್ಕೆ ಕೂತಾಗ ಆಪಾ ಎಂದಿನ ಹಾಗೆ ತನ್ನ ಡಬ್ಬಿಯಿಂದ ಉಪ್ಪಿನಕಾಯಿ ನನ್ನ ರೊಟ್ಟಿಯ ಮೇಲಿಟ್ಟಳು.

"ಉಣ್ಣ ಯಕ್ಕಾ. ಸೋಮವಾರದಿಂದ ಉಪ್ಪಿನಕಾಯಿ ನೀನ ಹಾಕ್ಕೋಬೇಕಾಗತೈತಿ."

"ಹಂಗ ಅನಬ್ಯಾಡ" ಎಂದೆ.

"ಹೆಂಗ ಅನಲಿ? ಮನ್ಯಾಗ ಅವರಿಗೆ ಇನ್ನೂ ಹೇಳಿಲ್ಲ. ಸೊಂಟದಾಗ ಕೀಲಿ ಕಾಣವಲ್ದು, ಎಲ್ಲಿ ಅಂತ ನಿನ್ನಿ ಕೇಳಿದ್ರು. ಎಣ್ಣಿ ಹಾಕಾಕ ಕೊಟ್ಟೇನಿ ಅಂದೆ. ಕೀಲಿಗೆ ಎಣ್ಣಿ ಹಾಕ್ತಾರೇನ? ಸುಳ್ಳು ಹೇಳಾಕೂ ಬರಂಗಿಲ್ಲ ನನಗ."

ಅವಳು ನಕ್ಕಳು. ನಾನು ಆ ಉಪ್ಪಿನಕಾಯಿ ಹಚ್ಚಿಕೊಂಡು ರೊಟ್ಟಿ ಉಂಡು ಮುಗಿಸಿದೆ.

ಶನಿವಾರ ಲ್ಯಾಬಿನಿಂದ ಒಬ್ಬರು ಬಂದರು. ಕನ್ನಡಕ ಹಣೆಗೇರಿಸಿಕೊಂಡು, ಟ್ರೇಯ ಮಿಶ್ರಣವನ್ನು ಬಿಳಿ ಕಾಗದದ ಮೇಲೆ ಹರಡಿದರು. ಬಾಯಾರು, ಆಪಾ, ನಾನು ಸುತ್ತ ನಿಂತಿದ್ದೆವು. ಒಂದು ಮುಷ್ಟಿಯನ್ನು ಬಟ್ಟಲಿನ ನೀರಿಗೆ ಹಾಕಿದಾಗ ನಾರು ತೇಲಿತು. ತಳದಲ್ಲಿ ಕಪ್ಪು ಗಸಿ ಉಳಿಯಿತು.

"ಇದು ಎರಿ ಮಣ್ಣು" ಎಂದರು ಅವರು. "ಒಳಗ ಹೆಂಗ ಬಂತು?"

ಬಾಯಾರು ಆಪಾಳನ್ನು ನೋಡಿದರು. "ಹೇಳ್ರಿ ಆಪಾ. ನೀವೇನರ ಹಾಕೀರಿ?"

"ಇಲ್ರಿ."

"ಮತ್ತ ಯಾರು ಹಾಕ್ಯಾರ?"

 ಆಪಾಳ ಬಲಗೈ ತನ್ನ ಓಢಣಿಯ ತುದಿಯನ್ನು ಗಟ್ಟಿಯಾಗಿ ಹಿಡಿದಿತ್ತು.

"ಸುಮ್ಮನ ನಿಂತ್ರ ನಾ ಏನ ತಿಳ್ಕೊಳ್ಳಿ? ಇಷ್ಟು ವರ್ಷ ನಿಮ್ಮ ಕೈ ನಂಬಿದ್ದೆ" ಎಂದರು ಬಾಯಾರು. ಅವರ ದನಿ ಒಡೆದಿತ್ತು.

ಆ ದನಿಯೇ ನನ್ನನ್ನು ನೂಕಿತೋ, ಆಪಾಳ ಕೀಲಿಯಿಲ್ಲದ ಸೊಂಟ ನೂಕಿತೋ ತಿಳಿಯದು. "ನಾ ಹಾಕೀನ್ರೀ ಬಾಯಾರ" ಎಂದೆ. ಅಷ್ಟು ಜೋರಾಗಿ ಬಂದ ದನಿ ನನ್ನದೇ ಎಂದು ನನಗೇ ನಂಬಿಕೆ ಬರಲಿಲ್ಲ. ಸೆರಗಿನ ಗಂಟು ಬಿಚ್ಚಿ ಬಾಡಿದ ಎರಡು ಮೊಳಕೆಗಳನ್ನು ಕಾಗದದ ಮೇಲಿಟ್ಟೆ. "ಮಣ್ಣೆತ್ತು ಕರಗಿಸಿ ಹಾಕಿದೆ. ಪೂಜಿ ಮಾಡಿದ್ದ ಮಣ್ಣದು, ಒಳ್ಳೇದಾಗತೈತಿ ಅಂತ ಹಾಕಿದೆ. ಇವು ಅದರ ಕಣ್ಣು. ಆಪಾ ಆಗ ಹೊರಗಿದ್ದಳು. ಆಕಿಗೆ ಏನೂ ಗೊತ್ತಿಲ್ರಿ."

 ಲ್ಯಾಬಿನವರು ಕನ್ನಡಕ ಇಳಿಸಿ ಮೊಳಕೆಗಳನ್ನು ನೋಡಿದರು.

ಆಗ ಆಪಾ ಓಢಣಿಯ ತುದಿಯ ಗಂಟು ಬಿಚ್ಚಿದಳು. ಅದರಲ್ಲಿ ಒಂದು ಜೋಳದ ಕಾಳು. ಆಗಷ್ಟೇ ಬೇರು ಮೂಡಿದ್ದು, ಒಣಗಿತ್ತು. ಸುತ್ತ ಎರೆಮಣ್ಣಿನ ಸಣ್ಣ ಹೆಂಟೆ, ಅದರ ಮೇಲೆ ಕುಂಕುಮದ ಕೆಂಪು. ನನ್ನ ಮೊಳಕೆಗಳ ಪಕ್ಕದಲ್ಲಿ ಇಟ್ಟಳು.

"ನನಗೂ ಗೊತ್ತಿತ್ರಿ" ಎಂದಳು. "ಮೂರನೇ ದಿನ ನೀರು ಹೊಡೆಯೂ ಮುಂದ ಸಿಕ್ಕಿತ್ತು."

ಗುಡಾರ ಎತ್ತಿದ ಮುಂಜಾನೆಯ ಆಘಾತಕ್ಕಿಂತ, ಮೊಳಕೆ ಕಂಡದ್ದಕ್ಕಿಂತ ಇದು ದೊಡ್ಡದಾಗಿ ಬಡಿಯಿತು. ಎಲ್ಲ ಗೊತ್ತಿದ್ದೂ ಅವಳು ಕೀಲಿ ಬಿಚ್ಚಿಕೊಟ್ಟಿದ್ದಳು. ಎಲ್ಲ ಗೊತ್ತಿದ್ದೂ ನನ್ನ ರೊಟ್ಟಿಗೆ ಉಪ್ಪಿನಕಾಯಿ ಇಟ್ಟಿದ್ದಳು.

"ಗೊತ್ತಿದ್ದು ಹೇಳಲಿಲ್ಲ ಅಂದ್ರ ಏನರ್ಥ ಆಪಾ?" ಬಾಯಾರಿಗೆ ಈಗ ಸಿಟ್ಟು ಬಂತು.

"ಮುಷ್ಟಿ ಹಿಡಿದಾಗ ಜಿಗಿ ಅನ್ನಿಸಿತ್ರಿ. ಕೈ ಹೇಳಿತ್ತು, ನಾ ಕೇಳಲಿಲ್ಲ, ಗಡಬಡಿ ಮಾಡಿದೆ. ಹಂಗಾದ ಮ್ಯಾಲೆ ತಪ್ಪು ನಂದೂ ಐತಲ್ರಿ. ಯಕ್ಕನ ಹೆಸರು ನಾ ಹೇಳಿದ್ರ, ಆಕಿ ಹಬ್ಬದ ಮಣ್ಣ ಮ್ಯಾಲೆ ನಾ ದೂರು ಹಾಕಿದಂಗ ಆಗತಿತ್ತು. ಆಕಿನ ಹೇಳಲಿ ಅಂತ ಕಾದೆ." ಆಮೇಲೆ ನನ್ನ ಕಡೆ ತಿರುಗಿದಳು. ಅವಳ ಕಣ್ಣಲ್ಲಿ ನಗು ಇರಲಿಲ್ಲ. "ಎರಡ ದಿನಾ ಕಾದೆ ಯಕ್ಕಾ. ಎರಡೂ ದಿನಾ ನನ್ನ ಬಾಜೂಕ ಕುಂತು ಉಂಡಿ ನೀ."

 

ಬಾಯಾರು ನೆಲದ ಮೇಲೆ ಕೂತು ನನ್ನನ್ನೂ ಕೂಡಿಸಿದರು. "ಅಜ್ಜಿ, ಹೊಲದ ಮಣ್ಣಿನ್ಯಾಗ ಕಣ್ಣಿಗೆ ಕಾಣದ ಬೂಷ್ಟು ಇರತೈತಿ. ಹೊಲದ ಗಿಡ ಅದನ್ನ ತಡಕೊಳ್ತಾವ, ಜೋಳ ಹುಟ್ಟಿ ನಿಂತಿದ್ದು ಅದಕ್ಕ. ಇವು ಹುಟ್ಟಿದಾಗಿಂದ ಒಂದು ರೋಗಾನೂ ಕಂಡಿಲ್ಲ, ಹೆಂಗ ತಡಕೋಬೇಕು? ಮ್ಯಾಲೆ ಎರಿ ಮಣ್ಣು ನೀರು ಹಿಡಕೊಂಡು ಬೇರಿಗೆ ಉಸಿರೂ ಬಿಡಂಗಿಲ್ಲ. ಪೂಜಿ ಮಾಡಿದ್ರೂ ಬೂಷ್ಟು ಸಾಯಂಗಿಲ್ಲ" ಎಂದರು. ಕೂಸಿಗೆ ಹೇಳುವ ಹಾಗೆ ಹೇಳಿದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ನಾನು ಕೊಂದಿದ್ದೇನೆ ಎಂಬುದು ಆಗ ಎದೆಗೆ ಇಳಿಯಿತು. ನೆಲ ತೋರಿಸಲು ಹೋಗಿ ಕೊಂದಿದ್ದೆ.

ಕೀಲಿ ಸೋಮವಾರ ಆಪಾಳ ಸೊಂಟಕ್ಕೆ ಮರಳಿತು. ಹೋಟೆಲಿನವರು ಬೇರೆ ಕಡೆ ಗಿಡ ನೋಡಿಕೊಂಡರು. ಬಾಯಾರು ನನ್ನನ್ನು ತೆಗೆಯಲಿಲ್ಲ, ಆದರೆ ಒಳಗೆ ಬಿಡಲಿಲ್ಲ. ಅಂದಿನಿಂದ ನಾನು ಹೊರಗಿನ ಕಟ್ಟೆಯ ಮೇಲೆ ಬಾಟಲಿ, ಟ್ರೇ ತೊಳೆಯುತ್ತೇನೆ. ಬಾಗಿಲಿನ ಬೋರ್ಡಿಗೆ ಬಾಯಾರು ಸುಣ್ಣದ ಕಡ್ಡಿಯಿಂದ ಒಂದು ಸಾಲು ಸೇರಿಸಿದ್ದಾರೆ: ಪೂಜೆ ಮಾಡಿದ ಮಣ್ಣೂ ತರಬಾರದು. ಹೊಸದಾಗಿ ಬಂದ ಹೆಂಗಸರು ಅದನ್ನು ಓದಿ, "ಇದೇನ್ರಿ ಹಿಂಗ ಬರದಾರ?" ಎಂದು ನಗುತ್ತಾರೆ. ನಾನು ತಲೆ ತಗ್ಗಿಸಿ ಟ್ರೇ ತಿಕ್ಕುತ್ತೇನೆ.

ಆಪಾ ಎಷ್ಟೋ ದಿನ ನನ್ನ ಜೊತೆ ಕೂತು ಉಣ್ಣಲಿಲ್ಲ. ಬೆನ್ನು ತಿರುಗಿಸಿ ಕೂಡುತ್ತಿದ್ದಳು. ದಸರೆಯ ಹೊತ್ತಿಗೆ ಒಂದು ದಿನ ಬಂದು, ಏನೂ ಹೇಳದೆ ನನ್ನ ಎರಡೂ ಕೈ ಹಿಡಿದು ಉಗುರಿನ ಸಂದಿ ನೋಡಿದಳು.

"ಎತ್ತು ಎಲ್ಲರ ಅಡಗಿಸಿಟ್ಟಿಯೇನ?"

"ಇಲ್ಲ" ಎಂದೆ.

"ಹಂಗಾರ ಸರಿ, ಸರಕೋ" ಎಂದು ಪಕ್ಕದಲ್ಲಿ ಕೂತು ಡಬ್ಬಿ ತೆರೆದಳು. ಈಗಲೂ ದಿನಾ ಉಗುರು ನೋಡಿಯೇ ಕೂಡುತ್ತಾಳೆ. ನಗುತ್ತಾಳೆ, ಆದರೆ ನೋಡುವುದನ್ನು ಮಾತ್ರ ಬಿಟ್ಟಿಲ್ಲ.

ನಾಲ್ಕನೆಯ ಕಾಳು ಸಿಗಲಿಲ್ಲ. ಆ ಟ್ರೇಗಳನ್ನೆಲ್ಲ ಹಿಂದಿನ ಗುಂಡಿಗೆ ಸುರಿದು ಸುಣ್ಣ ಹಾಕಿ ಮುಚ್ಚಿದರು. ಅದು ಗುಬ್ಬವ್ವನ ಎತ್ತಿನ ಕಣ್ಣೋ, ಸಣ್ಣಪ್ಪನ ಎತ್ತಿನ ಮಳೆ ನೋಡುವ ಕಣ್ಣೋ ನಾನು ಹೇಳಲಾರೆ.

ಕಣ್ಣು ಒತ್ತಿದ್ದು ನಿಮ್ಮ ತಪ್ಪಲ್ಲ. ನೀವು ಒತ್ತಿದ ಕಾಳು ಮೊಳೆಯದೆ ಹೋಗಿದ್ದರೆ ನಾನು ಬಾಯಿ ಬಿಡುತ್ತಿದ್ದೆನೋ ಇಲ್ಲವೋ. ಬಿಡುತ್ತಿದ್ದೆ ಎಂದು ಬರೆಯಲು ಕೈ ಬರುತ್ತಿಲ್ಲ. ಬರುವ ಮಣ್ಣೆತ್ತಿನ ಅಮಾವಾಸ್ಯೆಗೆ ಎತ್ತು ಮಾಡೋಣ, ಮರುದಿನ ಮೂವರೂ ಕೂಡಿ ಹೊಲದ ಬದುವಿಗೆ ಹೋಗಿ ಇಟ್ಟು ಬರೋಣ. ಈ ಸಲ ನೀವೇ ಹಿಡಿದುಕೊಂಡು ಬರಬೇಕು, ನನ್ನ ಗಂಟಿನಲ್ಲಿ ಕೊಡಬೇಡಿ.

ಈ ಹಾಳೆಗಳನ್ನು ನಿಮ್ಮ ಮುತ್ಯಾನ ಕಬ್ಬಿಣದ ಟ್ರಂಕಿನಲ್ಲಿ, ಹೊಲದ ಉತಾರದ ಕಾಗದದ ಕೆಳಗೆ ಇಡಿ. ಅಲ್ಲಿ ತೇವ ತಟ್ಟುವುದಿಲ್ಲ. ಪೆನ್ನಿನ ಮಸಿ ಅಗ್ಗದ್ದು, ನೀರು ಬಿದ್ದರೆ ಅಳಿಸಿಹೋಗುತ್ತದೆ. ಒಂದು ದಿನ ಆಪಾ ನಮ್ಮ ಮನೆಗೆ ಬಂದಾಗ ಅವಳಿಗೂ ಓದಿ ಹೇಳಿ. ಅವಳಿಗೆ ಕನ್ನಡ ಓದಲು ಬರುವುದಿಲ್ಲ, ನಾನು ಎದುರಿಗೆ ಕೂತು ಓದಲಾರೆ. ಅವಳು ಕೇಳುವ ತನಕ ಒಂದು ಹಾಳೆಯೂ ಕಳೆಯದಂತೆ ಕಾಯ್ದುಕೊಳ್ಳಿ.